ಮಗ್ಗ ನಿಂತಾಗ ಕೇಳಿದ ಗೊರಕೆ

ಬನಹಟ್ಟಿಯಲ್ಲಿ ಮಗ್ಗ ನಡೆಯುವಾಗ ಅದರ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ನಿಂತಾಗ ಬೀಳುತ್ತದೆ. ಹಗಲಿಲ್ಲ ಇರುಳಿಲ್ಲ, ಓಣಿ ಓಣಿಯಲ್ಲಿ ಪಾವರ್‌ಲೂಮುಗಳು ಖಟಾಖಟ್ ಖಟಾಖಟ್ ಎನ್ನುತ್ತಲೇ ಇರುತ್ತವೆ. ಆ ಸದ್ದಿನಲ್ಲೇ ಕೂಸುಗಳು ನಿದ್ದೆ ಹೋಗುತ್ತವೆ, ಅದರಲ್ಲೇ ಮದುವೆ ಮಾತು ಕುದುರುತ್ತವೆ, ಅದರಲ್ಲೇ ಬೀಗರು ಮುನಿಸಿಕೊಳ್ಳುತ್ತಾರೆ. ಪರವೂರಿನವರು ಒಂದೊಂದು ಮಾತಿಗೂ "ಆಂ? ಆಂ?" ಎಂದು ಕಿವಿ ಮುಂದೆ ಮಾಡಿದರೆ, ಊರಿನವರಿಗೆ ಎದುರಿನವರ ತುಟಿ ಕಂಡರೆ ಸಾಕು. ಇಂಥ ಓಣಿಯಲ್ಲಿ ಒಬ್ಬ ಮನುಷ್ಯ ವರ್ಷಗಟ್ಟಲೆ ಗೊರಕೆ ಹೊಡೆದ, ಅದು ಯಾರಿಗೂ ತಿಳಿಯಲೇ ಇಲ್ಲ ಎಂದರೆ ನಂಬಬೇಕು. ಕಟ್ಟಿಕೊಂಡ ಹೆಂಡತಿ ಮರೆವ್ವನಿಗೂ ತಿಳಿದಿರಲಿಲ್ಲ.

ಮರೆವ್ವ ಹೊಳೆ ದಂಡೆಯ ಗಲಗಲಿಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಈ ಖಟಾಖಟ್‌ಗೆ ತಲೆ ಸಿಡಿದು, ಸೆರಗಿನ ಚುಂಗು ಕಿವಿಗೆ ತುರುಕಿಕೊಂಡು ಅತ್ತವಳು. ವರ್ಷ ತುಂಬುವುದರೊಳಗೆ ಅದೇ ಮರೆವ್ವ ತವರಿಗೆ ಹೋದಾಗ ಅಲ್ಲಿ ಕಣ್ಣಿಗೆ ಕಣ್ಣು ಹತ್ತದೆ ಎದ್ದು ಕೂತಳು. "ಯವ್ವಾ, ಇಲ್ಲಿ ಭಾಳ ಸುಮ್ನ ಐತಿ. ನಂಗ ಅಂಜಿಕಿ ಬರಾಕತ್ತೈತಿ," ಎಂದಳು. ಅವಳವ್ವ ಮರುದಿನ ಹಾಸಿಗೆ ಸುತ್ತಿಕೊಟ್ಟು, ಹಿಟ್ಟಿನ ಗಿರಣಿಯ ಮಗ್ಗುಲಲ್ಲಿದ್ದ ಗೆಳತಿಯ ಮನೆಗೆ ಮಲಗಲು ಕಳಿಸಿದಳು. ಗಿರಣಿ ತಿರುಗುವವರೆಗೆ ಮರೆವ್ವ ಹಾಯಾಗಿ ಮಲಗಿದಳು.

ಗಂಡ ಹುಲೆಪ್ಪ, ಮಹಾಲಿಂಗಪ್ಪ ಸಾವ್ಕಾರರ ಮಗ್ಗದ ಶೆಡ್ಡಿನಲ್ಲಿ ರಾತ್ರಿ ಪಾಳಿಯ ನೇಕಾರ. ಮರೆವ್ವ ಅದೇ ಶೆಡ್ಡಿನಲ್ಲಿ ಹಗಲು ಕಂಡಿಕೆ ಸುತ್ತುತ್ತಾಳೆ. ಕಂಡಿಕೆ ಎಂದರೆ ಅಡ್ಡಡ್ಡ ಓಡುವ ಲಾಳಿಯ ಹೊಟ್ಟೆಯೊಳಗೆ ಕೂಡಿಸುವ ದಾರದ ಸುರುಳಿ. ಗಂಡ ಬೆಳಗ್ಗೆ ಬಂದು ರೊಟ್ಟಿ ತಿಂದು ಮಲಗಿದರೆ ಹೊತ್ತು ಇಳಿದ ಮೇಲೆ ಏಳುವುದು. ಅಷ್ಟರಲ್ಲಿ ಹೆಂಡತಿ ಕೆಲಸ ಮುಗಿಸಿ ಬರುವುದು. ಮನೆಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ, ಗೋಡೆಗೆ ಒಂದು ಕಿಟಕಿ.

ನೇಕಾರರ ಮನೆಯವರಿಗೆ ಒಂದು ಗುಣ ಬಂದುಬಿಡುತ್ತದೆ. ಎಂಥ ಗದ್ದಲದಲ್ಲೂ ಗೊತ್ತಿಲ್ಲದಂತೆ ನಿದ್ದೆ ಹೋಗುತ್ತಾರೆ, ಸದ್ದು ನಿಂತೊಡನೆ ಹೌಹಾರಿ ಏಳುತ್ತಾರೆ. ಮಗ್ಗ ನಿಂತಿತೆಂದರೆ ಎಲ್ಲೋ ಎಳೆ ಹರಿದಿದೆ ಎಂದು ಲೆಕ್ಕ. ಕಣ್ಣು ಬಿಡುವ ಮೊದಲೇ ಬಲಗೈ ಮೇಲೇಳುತ್ತದೆ, ಹೆಬ್ಬೆರಳು ತೋರುಬೆರಳು ಕೂಡಿ ಗಂಟು ಹಾಕುವಂತೆ ತಿರುಚುತ್ತವೆ. ಹಿಂದೆಲ್ಲ ಕರೆಂಟು ಹೋದಾಗ ಹುಲೆಪ್ಪನೂ ಹೀಗೆಯೇ ಎದ್ದು ಕೂಡುತ್ತಿದ್ದ. ಹಾಗಾಗಿ ಅವನ ಗೊರಕೆ ಮಗ್ಗದ ಮರೆಯಲ್ಲೇ ಉಳಿದಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಮಾತ್ರ ಹಾಗಾಗಲಿಲ್ಲ. ಲೈನಿನ ದುರಸ್ತಿಗೆಂದು ಕರೆಂಟು ತೆಗೆದರು. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ಮಲಗಿದ್ದವರೆಲ್ಲ ಗಡಬಡಿಸಿ ಎದ್ದು ಕಟ್ಟೆಗೆ ಬಂದು ಕೂತರು. ಆ ನಿಶ್ಶಬ್ದದೊಳಗೆ ಎಲ್ಲಿಂದಲೋ ಘರ್‌ರ್ ಘರ್‌ರ್ ಎಂದು ಒಂದು ಸದ್ದು ಬರತೊಡಗಿತು.

ಮಹಾಲಿಂಗಪ್ಪ ಸಾವ್ಕಾರರು ಧೋತರದ ಕಚ್ಚೆ ಸಿಕ್ಕಿಸಿಕೊಳ್ಳುತ್ತಲೇ ಹೊರಗೆ ಬಂದರು.

"ಯಾರ ಜನರೇಟರ್ ತಂದಾರ ಲೇ? ನಂಗೊಂದ್ ಮಾತ್ ಹೇಳಬಾರದ?"

"ಡಿಸೇಲಿಂದ ಅಂತ ಕಾಣಸ್ತೈತ್ರಿ ಸಾವ್ಕಾರ್ರ," ಎಂದಳು ಎದುರು ಮನೆಯ ಶೇವಂತಿ, ಮೂಗು ಅರಳಿಸಿ. "ಹೊಗಿ ವಾಸನೀನೂ ಬರಾಕತ್ತೈತಿ ನೋಡ್ರಿ."

ಹೊಗೆಯ ವಾಸನೆ ಸುಳ್ಳಲ್ಲ. ಸದ್ದನ್ನೂ ವಾಸನೆಯನ್ನೂ ಹಿಡಿದು ಓಣಿಯ ಮಂದಿ ಬಂದು ನಿಂತದ್ದು ಮರೆವ್ವನ ಬಾಗಿಲಿಗೆ. ಅಷ್ಟರಲ್ಲಿ ಸದ್ದು ಗಕ್ಕನೆ ನಿಂತಿತು.

"ಡಿಸೇಲ್ ತೀರ್ತು!" ಎಂದರು ಸಾವ್ಕಾರರು, ಭಾರಿ ಸಮಾಧಾನದಿಂದ.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒಳಗಿನಿಂದ "ಗಕ್!" ಎಂದು ಹಗ್ಗ ಜಗ್ಗಿ ಎಂಜಿನ್ ಹೊಡೆದಂತಾಯಿತು. ಘರ್‌ರ್ ಎಂದು ಮತ್ತೆ ಚಾಲೂ ಆಯಿತು. ಬಾಗಿಲು ನೂಕಿ ನೋಡಿದರೆ ಹುಲೆಪ್ಪ ಅಂಗಾತ ಬಿದ್ದುಕೊಂಡು ಬಾಯಿ ತೆರೆದು ಮಲಗಿದ್ದಾನೆ. ತಲೆದಿಂಬಿನ ಬಳಿ ಬೀಡಿ ಕಟ್ಟು, ಗೂಟಕ್ಕೆ ಹೊಗೆ ನಾರುವ ಅಂಗಿ. ಹಿಂದಿನ ದಿನ ಜೊತೆಗಾರ ಬಾರದ್ದಕ್ಕೆ ಎರಡು ಪಾಳಿ ಒಟ್ಟಿಗೆ ದುಡಿದು ಬಂದಿದ್ದ. ಕರೆಂಟು ಹೋದದ್ದೂ ಅವನಿಗೆ ತಿಳಿದಿರಲಿಲ್ಲ.

ನಕ್ಕರು ನೋಡಿ ಎಲ್ಲರೂ. ಶೇವಂತಿ ಗೋಡೆ ಹಿಡಿದು ನಕ್ಕಳು. "ಮರೆವಕ್ಕ, ಇದು ಯಾವ ಕಂಪನೀದಬೇ? ನಮ್ಮ ಮನಿಗೂ ಒಂದ್ ತರಸಿಕೊಡ!"

ಮರೆವ್ವ ನಗಲಿಲ್ಲ. ಸದ್ದು ನಿಂತ ಗಳಿಗೆಯಲ್ಲಿ ಅವಳು ಶೆಡ್ಡಿನ ಕಿಟಕಿಯಿಂದ ಒಳಗೆ ನೋಡುತ್ತಿದ್ದಳು, ಬಲಗೈ ತಾನಾಗಿ ಮೇಲೆದ್ದಿತ್ತು. ಗಂಡನ ಹೊಟ್ಟೆ ಏರಿಳಿಯುತ್ತಿತ್ತು, ಮೂಗಿನಿಂದ ಉಸಿರೇ ಇರಲಿಲ್ಲ. ಲಾಳಿಯಲ್ಲಿ ದಾರ ತೀರಿದರೂ ಮಗ್ಗ ಓಡುತ್ತಿರುತ್ತದಲ್ಲ, ಹಾಗೆ. ಅವಳು ಕಂಡದ್ದು ಅದನ್ನು. ದಾರ ಈ ಸಲ ತಾನಾಗಿಯೇ ಕೂಡಿಕೊಂಡಿತು. ಒಂದು ದಿನ ಕೂಡದಿದ್ದರೆ?

ಅಂದಿನಿಂದ ಓಣಿಯಲ್ಲಿ ಹುಲೆಪ್ಪನ ಹೆಸರು ಜನರೇಟರ್ ಎಂದಾಯಿತು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಮರೆವ್ವ "ಜಮಖಂಡಿಗೆ ಹೋಗಿ ಡಾಕ್ಟರಿಗೆ ತೋರ್ಸೂಣ್ರಿ" ಎಂದಾಗಲೆಲ್ಲ ಅವನ ಬಳಿ ಒಂದೇ ವಾದ.

"ನಾ ಮಲ್ಕೊಂಡಿರ್ತೇನಿ. ಮಲ್ಕೊಂಡಾಂವಗ ಏನ್ ಗೊತ್ತಾಗ್ತೈತಿ? ನಂಗ ಗೊತ್ತಿಲ್ಲದ್ದನ್ನ ಡಾಕ್ಟರ್ ಮುಂದ ನಾ ಏನಂತ ಹೇಳ್ಲಿ?"

"ಉಸರ ನಿಂದರ್ತೈತ್ರಿ ನಿಮ್ದು."

"ನಿಂತಿದ್ರ ಈಗ ನಿನ್ ಕೂಡ ಮಾತಾಡಾಕತ್ತಾಂವ ಯಾರಬೇ?"

ಮರೆವ್ವನಿಗೆ ಈಗ ಹಳೆಯವೆಲ್ಲ ಒಂದೊಂದೇ ನೆನಪಿಗೆ ಬರತೊಡಗಿದವು. ಎದ್ದ ಕೂಡಲೇ ಅವನಿಗೆ ತಲೆ ಸಿಡಿಯುತ್ತಿತ್ತು. ಕೂತಲ್ಲಿ ಕೂತು, ನಿಂತಲ್ಲಿ ನಿಂತು ತೂಕಡಿಸುತ್ತಿದ್ದ. ಮಗ ಅಮೋಲನಿಗೆ ಹೆಣ್ಣು ನೋಡಲು ಹೋದಾಗ, "ನಮ್ಮ ಹುಡುಗ..." ಎಂದು ಮಾತು ತೆಗೆದವನು ಅಲ್ಲಿಗೇ ನಿದ್ದೆ ಹೋಗಿದ್ದ. ಹೆಣ್ಣಿನ ಕಡೆಯವರು ಅದನ್ನು ಹಿರಿಯರ ಆಲೋಚನೆ ಎಂದು ತಿಳಿದು, ಉಸಿರು ಬಿಗಿಹಿಡಿದು ಕಾದು, ಕಾದು ಸೋತು ಮದುವೆಗೆ ಒಪ್ಪಿಬಿಟ್ಟಿದ್ದರು. ಎಲೆ ಅಡಿಕೆ ಹಂಚುವಾಗ ಇವನು ಕಣ್ಣು ಬಿಟ್ಟು, "...ಸ್ವಲ್ಪ ಸಿಟ್ಟಿನಾಂವ ಅದಾನ್ರಿ" ಎಂದು ಮಾತು ಪೂರ್ತಿ ಮಾಡಿದ್ದ. ಆಗ ಅದನ್ನು ಎಲ್ಲರೂ ತಮಾಷೆ ಮಾಡಿದ್ದರು.

ಮಳೆಗಾಲವೂ ಈ ವಾದದಲ್ಲೇ ಕಳೆಯಿತು. ಡಾಕ್ಟರ ಬಳಿ ಬರದಿದ್ದರೆ ಬೇಡ, ತಾನೇ ಕಾಯುತ್ತೇನೆ ಎಂದುಕೊಂಡಳು ಮರೆವ್ವ. ಆದರೆ ಕಾಯುವುದು ಹೇಗೆ? ಮಗ್ಗ ನಡೆದರೆ ಗೊರಕೆ ಕೇಳದು, ಗೊರಕೆ ಕೇಳದಿದ್ದರೆ ಅದು ನಿಂತದ್ದು ತಿಳಿಯದು. ಕಂಡಿಕೆ ಸುತ್ತುವವಳ ತಲೆಗೆ ಹೊಳೆಯುವುದು ದಾರವೇ ತಾನೆ. ಗಟ್ಟಿ ನೂಲಿನ ಎಳೆಯೊಂದನ್ನು ಮಲಗಿದ ಗಂಡನ ಕಾಲಿನ ಹೆಬ್ಬೆರಳಿಗೆ ಕಟ್ಟಿ, ಕಿಟಕಿಯಿಂದ ಶೆಡ್ಡಿನೊಳಗೆ ತಂದು ತನ್ನ ಎಡ ಮಣಿಕಟ್ಟಿಗೆ ಸುತ್ತಿಕೊಂಡಳು. ಒಂದು ಕಂಡಿಕೆ ತುಂಬಿತೆಂದರೆ ಒಮ್ಮೆ ಜಗ್ಗುವುದು. ಅತ್ತ ಅವನು ನಿದ್ದೆಯಲ್ಲೇ ಕಾಲು ಝಾಡಿಸಿದರೆ ಜೀವಂತ ಇದ್ದಾನೆ ಎಂದು ಅರ್ಥ. ಇನ್ನೊಂದು ಕಂಡಿಕೆ ಹಾಕುವುದು.

ಹೀಗೆ ಕೆಲವು ದಿನ ನಡೆಯಿತು. ಹುಲೆಪ್ಪನಿಗೆ ಕನಸಿನಲ್ಲಿ ದಿನವೂ ಗಾಳಕ್ಕೆ ಮೀನು ಕಚ್ಚತೊಡಗಿತು. ಮರೆವ್ವ ಮಾತ್ರ ಇಷ್ಟು ಬೇಗ ಬೇಗ ಕಂಡಿಕೆ ತುಂಬಿಸಿದ್ದನ್ನು ಆ ಶೆಡ್ಡು ಹಿಂದೆಂದೂ ಕಂಡಿರಲಿಲ್ಲ. ಒಂದು ದಿನ ಮಹಾಲಿಂಗಪ್ಪನವರು ಚಹಾದ ಕಪ್ಪು ಹಿಡಿದುಕೊಂಡು ಮೂರನೇ ಮಗ್ಗ ನೋಡಲು ಬಂದವರು ಆ ದಾರಕ್ಕೆ ಎಡವಿದರು. ಕಪ್ಪು ಹಾರಿತು. ಗೋಡೆಯಾಚೆ ಹುಲೆಪ್ಪನ ಹೆಬ್ಬೆರಳು ಕಿತ್ತು ಬರುವಂತೆ ಜಗ್ಗಿತು. ಅವನು ಒದ್ದ ಒದೆಗೆ ನೀರು ತುಂಬಿದ ಕೊಡ ಉರುಳಿ, ನೀರು ಬಾಗಿಲು ದಾಟಿ ಶೇವಂತಿಯ ಕಟ್ಟೆಯವರೆಗೆ ಹರಿಯಿತು.

ಸಾವ್ಕಾರರು ದಾರ ಹಿಡಿದುಕೊಂಡು ಕಿಟಕಿಯತ್ತ ನೋಡಿದರು, ಅವಳ ಮಣಿಕಟ್ಟಿನತ್ತ ನೋಡಿದರು.

"ಏನ್ ಮರೆವ್ವ, ಗಂಡನ್ನ ನೇಯಾಕತ್ತಿ ಏನ?"

ಮುಂದಿನ ರವಿವಾರ ಅಮೋಲ ಬಂದ. ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ ಅವನಿಗೆ ಕೆಲಸ. ಅಂಗಿಗೆ ಇಸ್ತ್ರಿ, ಮಾತಿಗೂ ಇಸ್ತ್ರಿ. ಕಥೆಯೆಲ್ಲ ಕೇಳಿ ಜೇಬಿನಿಂದ ಪೆನ್ನಿನಂಥದೊಂದು ತೆಗೆದ.

"ಅಪ್ಪಾ, ಇದೆಲ್ಲಾ ಬೀಡಿ ಹೊಗಿ ಮಾಡಿದ ಘಾತ. ಬೀಡಿ ಬಿಡ. ಇದನ್ನ ಜಗ್ಗ. ಇದಕ್ಕ ವೇಪ್ ಅಂತಾರ. ಇದು ಹೊಗಿ ಅಲ್ಲ, ಬರೇ ಉಗಿ."

ಉಗಿ ಎಂದದ್ದೇ ಮರೆವ್ವನ ಮುಖ ಅರಳಿತು. ನೆಗಡಿ ಬಂದಾಗ ಕುದಿಯುವ ನೀರಿಗೆ ತುಳಸಿ ಹಾಕಿ ಉಗಿ ಕೊಡುವುದು ಅವಳು ಚಿಕ್ಕಂದಿನಿಂದ ಕಂಡದ್ದು. ಗಂಟಲು ಬಿಚ್ಚುತ್ತದೆ, ಉಸಿರು ಸರಾಗವಾಗುತ್ತದೆ. ಅದೇ ಉಗಿಯನ್ನು ಈಗ ಪೆನ್ನಿನಲ್ಲಿ ತುಂಬಿದ್ದಾರೆ, ಕಾಲ ಸುಧಾರಿಸಿದೆ ಎಂದುಕೊಂಡಳು. ಬೇಡ ಎನ್ನಬೇಕಾದವಳೇ ಬೆನ್ನು ಹತ್ತಿದಳು. ರೊಟ್ಟಿ ತಿಂದು ಕೈ ತೊಳೆಯುವುದೇ ತಡ, ಗಂಡನ ತಲೆಯ ಮೇಲೆ ಕಂಬಳಿ ಹೊದಿಸಿ, "ಜಗ್ರಿ. ಒಳಗ ತಗೋರಿ. ಹೊರಗ ಬಿಡಬ್ಯಾಡ್ರಿ, ಇನ್ನೊಂದೀಟು" ಎಂದು ಮುಂದೆ ಕೂತು ಕುಡಿಸಿದಳು. ಕಂಬಳಿಯ ಸಂದಿನಿಂದ ಮಾವಿನ ಹಣ್ಣಿನ ವಾಸನೆ ಸೂಸುತ್ತಿತ್ತು.

ಹುಲೆಪ್ಪನಿಗೆ ಇದು ಸ್ವರ್ಗ. ಶೆಡ್ಡಿನೊಳಗೆ ನೂಲಿನ ಧೂಳು ಹಾರಾಡುತ್ತದೆ, ಕಿಡಿ ಬಿದ್ದರೆ ಎಲ್ಲ ಬೂದಿ. ಹಾಗಾಗಿ ಬೀಡಿ ಸೇದಲು ಅವನು ಓಣಿಯ ತುದಿಯ ಬೇವಿನ ಮರದವರೆಗೆ ಹೋಗಬೇಕಾಗಿತ್ತು. ಹೋಗಿ ಬರುವ ಬೇಸರಕ್ಕಾದರೂ ಕೆಲವು ಬೀಡಿ ಉಳಿಯುತ್ತಿದ್ದವು. ಈ ಪೆನ್ನಿಗೆ ಕಡ್ಡಿ ಗೀರುವುದಿಲ್ಲ, ಕಿಡಿಯಿಲ್ಲ, ಮರವಿಲ್ಲ. ಮಗ್ಗದ ಮಗ್ಗುಲಲ್ಲೇ ನಿಂತು ಪಾಳಿಯುದ್ದಕ್ಕೂ ಜಗ್ಗಿದ.

ಬೆಳಗ್ಗೆ ಶೆಡ್ಡಿಗೆ ಬಂದ ಮಹಾಲಿಂಗಪ್ಪನವರು ಗಾಳಿ ಮೂಸಿ ನಿಂತುಬಿಟ್ಟರು. ಚಳಿಗಾಲ ಬಂದಿತ್ತು. ಊರಲ್ಲಿ ಮಾವಿನ ಹೂವೂ ಬಿಟ್ಟಿರಲಿಲ್ಲ. ಮಗ್ಗದ ಅಡಿಯಲ್ಲಿ ಬಗ್ಗಿ ನೋಡಿದರು, ನೂಲಿನ ಚೀಲ ಬಿಚ್ಚಿಸಿ ನೋಡಿದರು. "ಯಾರೋ ಹಣ್ಣ ಮಾಗಾಕ ಇಟ್ಟಾರ" ಎಂದು ಎಲ್ಲರ ಮೇಲೂ ಅನುಮಾನಪಟ್ಟರು. ಎರಡು ವಾರ ಕಳೆದ ಮೇಲೆ ಸೀರೆ ಒಯ್ದ ವ್ಯಾಪಾರಿಯೊಬ್ಬ ಫೋನು ಮಾಡಿ, "ಸಾವ್ಕಾರ್ರ, ಈ ಸಲದ ಸೀರಿ ಭಾಳ ಘಮಾ ಘಮಾ ಅಂತಾವು. ಹೆಣ್ಮಕ್ಕಳು ಉಟ್ಟು ನೋಡೂ ಮೊದ್ಲ ಮೂಸಿ ನೋಡಾಕತ್ತಾರ. ಹೊಸಾ ಬಣ್ಣ ಏನ್ರಿ?" ಎಂದು ಕೇಳಿದ. ಸಾವ್ಕಾರರು ಏನು ಹೇಳಬೇಕೋ ತಿಳಿಯದೆ "ಹೌದು" ಎಂದುಬಿಟ್ಟರು.

ಉಗಿಯ ಗುಣ ಕಾಣುತ್ತದೆಂದು ಮರೆವ್ವ ದಿನಾ ಕಾದಳು. ಒಂದು ಮಧ್ಯಾಹ್ನ ಕೆಲಸ ಬಿಟ್ಟು ಬಂದು ಮಲಗಿದ ಗಂಡನ ಮೂಗಿನ ಬಳಿ ಬೆರಳು ಹಿಡಿದು ಕೂತಳು. ಬೆಚ್ಚಗಿನ ಗಾಳಿ ಬಂತು, ಹೋಯಿತು, ಬಂತು. ಆಮೇಲೆ ಬರಲಿಲ್ಲ. ಹೆಬ್ಬೆರಳು ಜಗ್ಗಿದಳು, ಕಾಲು ಝಾಡಿಸಲಿಲ್ಲ. ಹೆಗಲು ಹಿಡಿದು ಅಲುಗಿಸಿದಳು. ಕೊನೆಗೆ ಹುಲೆಪ್ಪ ಹೊಳೆಯಲ್ಲಿ ಮುಳುಗಿ ಎದ್ದವನಂತೆ ಬಾಯಿ ಬಿಟ್ಟು, ಕಣ್ಣು ಮೇಲೆ ಮಾಡಿ ಎದ್ದು ಕೂತ. ಎದುರಿಗಿದ್ದ ಹೆಂಡತಿಯನ್ನು ನೋಡಿ, "ಮೀನ ಬಿತ್ತೇನ?" ಎಂದ. ಮತ್ತೆ ಮಲಗಿದ.

ಮರೆವ್ವ ಮರುದಿನ ಒಬ್ಬಳೇ ಜಮಖಂಡಿಯ ಬಸ್ಸು ಹತ್ತಿದಳು.

ಮೂಗು ಗಂಟಲಿನ ಡಾಕ್ಟರು ಪೂರ್ವಾ ಎಂಬ ಹೆಣ್ಣುಮಗಳು. ಚೀಟಿ ನೋಡಿ, "ಹುಲೆಪ್ಪ ಯಾರ್ರಿ?" ಎಂದರು.

"ನಮ್ಮ ಮನಿಯವರ್ರಿ."

"ಎಲ್ಲಿ ಅದಾರ?"

"ಮನ್ಯಾಗ ಮಲ್ಕೊಂಡಾರ್ರಿ. ನೀವ ಏನ್ ಕೇಳೂದೈತಿ ನನ್ನ ಕೇಳ್ರಿ. ಅವರಿಗೇನೂ ಗೊತ್ತಿಲ್ಲ."

ಡಾಕ್ಟರು ನಕ್ಕು, ಏನಾಗುತ್ತದೆ ಹೇಳಿ ಎಂದರು. ಮರೆವ್ವ ಹೇಳಲಿಲ್ಲ, ಮಾಡಿ ತೋರಿಸಿದಳು. ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, ಬಾಯಿ ತೆರೆದು ಘರ್‌ರ್ ಎಂದು ಶುರು ಮಾಡಿ ಗಕ್ಕನೆ ನಿಲ್ಲಿಸಿದಳು. ನಿಲ್ಲಿಸಿಯೇ ಇದ್ದಳು. ಹೊರಗೆ ಪಾಳಿ ಕಾಯುತ್ತಿದ್ದವರು ಮಾತು ಬಿಟ್ಟು ಬಾಗಿಲಿಗೆ ಕಿವಿಗೊಟ್ಟರು. ಕಂಪೌಂಡರ್ ನೀರಿನ ಲೋಟ ಹಿಡಿದು ಓಡಿಬಂದ. "ಗಕ್!" ಎಂದು ಅವಳು ಉಸಿರು ಎಳೆದುಕೊಂಡಾಗಲೇ ಎಲ್ಲರ ಜೀವದಲ್ಲಿ ಜೀವ ಬಂದದ್ದು. ಡಾಕ್ಟರ ಮುಖದಲ್ಲಿ ನಗೆ ಉಳಿದಿರಲಿಲ್ಲ.

"ಇದಕ್ಕ ಸ್ಲೀಪ್ ಆಪ್ನಿಯಾ ಅಂತಾರ್ರಿ. ಮಲ್ಕೊಂಡಾಗ ಗಂಟಲದಾಗಿನ ದಾರಿ ಸಡ್ಲಾಗಿ ಮುಚ್ಚಿಕೊಳ್ತೈತಿ. ಹೊಟ್ಟಿ ಜಗ್ತಿರ್ತೈತಿ, ಗಾಳಿ ಒಳಗ ಬರಂಗಿಲ್ಲ. ನಿದ್ದಿ ಹರದು ಹರದು ಹೋಗ್ತೈತಿ. ಹಂಗ ಬಿಟ್ರ ಬಿ.ಪಿ. ಏರ್ತೈತಿ, ಹೃದಯಕ್ಕ ಪೆಟ್ಟು. ಬೀಡಿ ಸೇದ್ತಾರೇನು?"

"ಸೇದ್ತಿದ್ರು."

"ಸೇದದವರಿಗೂ ಇದು ಬರ್ತೈತಿ. ಸೇದಾವ್ರಿಗೆ ಅಪಾಯ ಹೆಚ್ಚು. ಹೊಗಿ ಗಂಟಲಕ್ಕ ಬಾವು ತರ್ತೈತಿ, ಮೊದಲ ಸಣ್ಣ ದಾರಿ ಇನ್ನೂ ಸಣ್ಣದಾಗ್ತೈತಿ."

"ಬೀಡಿ ಬಿಡಸೇನ್ರಿ," ಎಂದಳು ಮರೆವ್ವ ಹೆಮ್ಮೆಯಿಂದ. "ಈಗ ಬರೇ ಉಗಿ. ಮಾವಿನ ಹಣ್ಣಿಂದು. ನಾನ ಕಂಬಳಿ ಹೊಚ್ಚಿ ಕುಡಸ್ತೇನಿ."

ಪೂರ್ವಾ ಡಾಕ್ಟರಿಗೆ ಇದು ಅರ್ಥವಾಗಲು ಕೆಲ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಪೆನ್ನು ಕೆಳಗಿಟ್ಟರು.

"ಅವ್ವಾರ, ಅದು ತುಳಸಿ ಉಗಿ ಅಲ್ರಿ. ಬೀಡ್ಯಾಗಿನ ನಿಕೋಟಿನ್ನ ಅದರಾಗೂ ಇರ್ತೈತಿ. ಅದು ನಿದ್ದಿ ಕೆಡಸ್ತೈತಿ, ಗಂಟಲ ಕೆರಳಸ್ತೈತಿ. ಅದರ ಬಗ್ಗೆ ಪೂರಾ ತಿಳಿಯೂದು ಇನ್ನೂ ಐತಿ, ಆದ್ರ ಔಷಧ ಅಂತೂ ಅಲ್ಲ. ನಮ್ಮ ದೇಶದಾಗ ಅದನ್ನ ಮಾರೂದಕ್ಕೂ ನಿಷೇಧ ಐತಿ. ಇವತ್ತ ಬಿಡಸ್ರಿ. ಅವರನ್ನ ಕರಕೊಂಡ ಬರ್ರಿ, ಒಂದ್ ಪರೀಕ್ಷಾ ಮಾಡಬೇಕು."

"ಬರಂಗಿಲ್ರಿ ಅವರು. ನಂಗೇನೂ ಆಗಿಲ್ಲ ಅಂತಾರ."

"ಫೋನಿನ್ಯಾಗ ರೆಕಾರ್ಡ್ ಮಾಡಿ ಅವರಿಗೇ ಕೇಳಸ್ರಿ. ತಮ್ಮದು ತಾವ ಕೇಳಿದ್ರ ಭಾಳ ಮಂದಿ ಎದ್ದ ಬರ್ತಾರ."

ಬಸ್ಸಿನಲ್ಲಿ ಮರೆವ್ವ ಸೆರಗು ಬಾಯಿಗೆ ಹಿಡಿದು ಕೂತಳು. ಇಷ್ಟು ದಿನ ಮುಂದೆ ಕೂತು "ಇನ್ನೊಂದೀಟು, ಇನ್ನೊಂದೀಟು" ಎಂದು ಕುಡಿಸಿದವಳು ತಾನೇ. ಮನೆ ಮುಟ್ಟಿದ ಕೂಡಲೇ ಆ ಪೆನ್ನನ್ನು ಒರಳಿನಲ್ಲಿ ಹಾಕಿ ಕುಟ್ಟಿದಳು. ಒರಳು ಬಹಳ ದಿನ ಮಾವಿನ ವಾಸನೆ ಬಿಡಲಿಲ್ಲ. ಆ ವಾರದ ಶೇಂಗಾ ಚಟ್ನಿಯನ್ನು ಯಾರಿಗೂ ತಿನ್ನಲಾಗಲಿಲ್ಲ. ಹುಲೆಪ್ಪ ಸಿಟ್ಟಿನಿಂದ ಬೇವಿನ ಮರಕ್ಕೆ ಮರಳಿದ.

ಇನ್ನು ರೆಕಾರ್ಡು. ಮಲಗಿದವನ ಬಾಯಿಯ ಬಳಿ ಫೋನು ಹಿಡಿದು ಮಾಡಿಯೂ ಆಯಿತು, ಎಬ್ಬಿಸಿ ಕೇಳಿಸಿಯೂ ಆಯಿತು. ಹುಲೆಪ್ಪ ಕಣ್ಣು ಮುಚ್ಚಿ, ತಲೆಯಾಡಿಸುತ್ತ ಮನಸಿಟ್ಟು ಕೇಳಿದ.

"ಇದು ನಮ್ಮ ಮೂರನೇ ನಂಬರ್ ಮಗ್ಗ," ಎಂದ. "ಬೆಲ್ಟ್ ಸಡ್ಲಾಗೈತಿ. ಸಾವ್ಕಾರಗ ಹೇಳಬೇಕು."

ಅದರಲ್ಲಿ ಗೊರಕೆಯ ಸುಳಿವೇ ಇರಲಿಲ್ಲ. ಮಗ್ಗ ನಿಲ್ಲಿಸದೆ ಬೇರೆ ದಾರಿಯಿಲ್ಲ ಎಂದು ಮರೆವ್ವ ಸಾವ್ಕಾರರ ಎದುರು ನಿಂತಳು. ಗೊರಕೆ ಕೇಳುವುದಕ್ಕೆ ಮಗ್ಗ ನಿಲ್ಲಿಸುವುದೇ ಎಂದು ಅವರು ಮೊದಲು ನಕ್ಕರು, ಆಮೇಲೆ ರೇಗಿದರು.

"ಸಾವ್ಕಾರ್ರ, ಒಂದ್ ದಿನ ಅವರು ಏಳಲಿಲ್ಲಂದ್ರ ನಾ ಯಾರ್ ಬಾಗಲಕ್ಕ ಬರ್ಲಿ?" ಎಂದಳು ಮರೆವ್ವ. ದನಿ ಎತ್ತರಿಸಿ ಏನೂ ಹೇಳಲಿಲ್ಲ. ಆದರೂ ಮಹಾಲಿಂಗಪ್ಪನವರು, "ರವಿವಾರ ಊಟ ಆದ ಮ್ಯಾಲ," ಎಂದರು. "ಓಣ್ಯಾಗಿನ ಎಲ್ಲಾರಿಗೂ ನಾನ ಹೇಳ್ತೇನಿ."

ರವಿವಾರ ಹುಲೆಪ್ಪ ಉಂಡು ಮಲಗಿದ. ಅಮೋಲ ಫೋನು ಹಿಡಿದು ತಲೆದಿಂಬಿನ ಬಳಿ ಕೂತ. ಸಾವ್ಕಾರರು ಬಾಗಿಲಲ್ಲಿ ನಿಂತು ಕೈ ಎತ್ತಿ ಇಳಿಸಿದರು. ಓಣಿಯ ಮಗ್ಗಗಳೆಲ್ಲ ನಿಂತವು.

ಹುಲೆಪ್ಪ ಎದ್ದು ಕೂತ. "ಯಾಕ? ಎಳಿ ಹರೀತೇನ?"

"ಏನಿಲ್ಲ, ಮಲ್ಕೋ ಅಪ್ಪಾ," ಎಂದ ಅಮೋಲ. ಮಗ್ಗ ಶುರುವಾದವು. ಹುಲೆಪ್ಪ ಮಲಗಿದ. ಮಗ್ಗ ನಿಂತವು. ಹುಲೆಪ್ಪ ಎದ್ದ. ಮತ್ತೆ ಶುರು, ಮತ್ತೆ ಮಲಗು; ಮತ್ತೆ ನಿಲ್ಲು, ಮತ್ತೆ ಏಳು. ಅವತ್ತು ಎರಡು ಪಾಳಿಯ ದಣಿವು ಇತ್ತು, ಇವತ್ತು ಇರಲಿಲ್ಲ. ಮಗ್ಗ ನಡೆದರೆ ಮಲಗುತ್ತಾನೆ, ಗೊರಕೆ ಕೇಳುವುದಿಲ್ಲ. ಮಗ್ಗ ನಿಂತರೆ ಕೇಳಬಹುದು, ಮಲಗುವುದಿಲ್ಲ. ಇಡೀ ಓಣಿ ತಲೆಯ ಮೇಲೆ ಕೈ ಹೊತ್ತು ಅಂಗಳದಲ್ಲಿ ಕೂತಿತು.

"ಮಗ್ಗ ಬ್ಯಾಡ," ಎಂದಳು ಶೇವಂತಿ ಕೊನೆಗೆ. "ನಾವ ಮಗ್ಗ ಆಗೂಣ. ಬಾಯೀಲೆ. ಮಗ್ಗಕ್ಕ ಸಾವಕಾಶ ಅನ್ನೂದು ಗೊತ್ತಿಲ್ಲ, ನಮಗ ಗೊತ್ತೈತಲ್ಲ."

ಆಮೇಲೆ ನಡೆದದ್ದನ್ನು ನೋಡಿದವರು ಈಗಲೂ ಹೇಳುತ್ತಾರೆ. ಮಗ್ಗ ಮತ್ತೆ ನಡೆದು ಹುಲೆಪ್ಪ ಮಲಗಿದ ಮೇಲೆ ನೇಕಾರರು, ಕಂಡಿಕೆಯ ಹೆಂಗಸರು ಎಲ್ಲ ಒಳಗೆ ಬಂದು ಹುಲೆಪ್ಪನ ಹಾಸಿಗೆಯ ಸುತ್ತ ಚಕ್ಕಂಬಕ್ಕಳ ಹಾಕಿ ಕೂತರು. ಒಬ್ಬೊಬ್ಬರಿಗೂ ಒಂದೊಂದು ಮಗ್ಗ ಹಂಚಿದರು. ಬೆಲ್ಟು ಸಡಿಲಾದ ಮೂರನೇ ನಂಬರು ಯಾರಿಗೂ ಹದವಾಗಿ ಬರಲಿಲ್ಲ. "ಸರೀರಿ, ಅದು ನಂದು" ಎಂದು ಸಾವ್ಕಾರರೇ ಅದನ್ನು ವಹಿಸಿಕೊಂಡರು. ಹೊರಗಿನ ಮಗ್ಗ ನಿಲ್ಲುವುದಕ್ಕೂ ಇವರು ಶುರು ಮಾಡುವುದಕ್ಕೂ ಸರಿಹೋಯಿತು. ಖಟಾಖಟ್ ಖಟಾಖಟ್, ನಡುವೆ ಸಾವ್ಕಾರರದು ಮಾತ್ರ "ಖಟಾ-ಫಟ್ಟ, ಖಟಾ-ಫಟ್ಟ." ಹುಲೆಪ್ಪ ಒಂದು ಕಣ್ಣು ತೆರೆಯುವಂತೆ ಮಾಡಿ, ಮುಚ್ಚಿ, ಮಗ್ಗುಲಾಗಿ, ಅಂಗಾತನಾದ. ಬಾಯಿ ತೆರೆಯಿತು. ಘರ್‌ರ್ ಬಂತು.

ಶೇವಂತಿ ಕೈಸನ್ನೆ ಮಾಡಿದಳು. ಒಂದು ಮಗ್ಗ ಸಣ್ಣ ದನಿಗಿಳಿದು ನಿಂತಿತು, ಆಮೇಲೆ ಇನ್ನೊಂದು. ಕೊನೆಗೆ ಸಾವ್ಕಾರರ ಮೂರನೇ ನಂಬರು ಒಂದೇ ಉಳಿದು, ತುಟಿಯಲ್ಲೇ ಖಟಾ-ಫಟ್ಟ ಎನ್ನುತ್ತ ಎನ್ನುತ್ತ ಅದೂ ಕರಗಿತು. ಬನಹಟ್ಟಿಯ ಆ ಓಣಿಯಲ್ಲಿ ಈಗ ಗೊರಕೆಯೊಂದೇ ಸದ್ದು.

ಅದೂ ನಿಂತಿತು.

ಸುತ್ತ ಕೂತವರ ಬಲಗೈಗಳೆಲ್ಲ ತಾವಾಗಿ ಮೇಲೆದ್ದವು. ಎಲ್ಲರ ಬೆರಳೂ ಗಾಳಿಯಲ್ಲಿ ಎಳೆ ಹುಡುಕುತ್ತಿದ್ದವು. ನಗಲು ಬಂದವರು ಯಾರೂ ನಗಲಿಲ್ಲ. ಹೊಟ್ಟೆ ಜಗ್ಗುತ್ತಿದೆ, ಉಸಿರಿಲ್ಲ. ಸಾವ್ಕಾರರು ಬಿಳಚಿಕೊಂಡು, "ಎಬ್ಬಸ್ರೋ... ಎಬ್ಬಸ್ರೋ" ಎಂದು ಪಿಸುಗುಟ್ಟಿದರು. ಅಮೋಲ ಫೋನು ಬಿಟ್ಟು ಅಪ್ಪನ ಹೆಗಲಿಗೆ ಕೈಹಾಕಲು ಹೋದ.

"ತಡೀ," ಎಂದಳು ಮರೆವ್ವ. ತನ್ನ ಬಲಗೈಯನ್ನು ಎಡಗೈಯಿಂದ ಬಿಗಿಹಿಡಿದು ಕೂತಿದ್ದಳು. "ತಡೀ ಯಪ್ಪಾ, ಈಗ ಬರ್ತೈತಿ. ಬರ್ತೈತಿ..."

"ಗಕ್!" ಎಂದು ಬಂತು. ಓಣಿ ಪೂರ್ತಿ ಉಸಿರು ಬಿಟ್ಟಿತು. ಆ ಗಾಳಿಗೋ ಏನೋ ಹುಲೆಪ್ಪನಿಗೆ ಎಚ್ಚರವಾಯಿತು. ಸುತ್ತ ಕೂತ ಮಂದಿಯನ್ನು, ಅತ್ತಂತೆ ಕಾಣುವ ಮುಖಗಳನ್ನು ಒಂದೊಂದಾಗಿ ನೋಡಿದ.

"ಯಾರ್ ಸತ್ತಾರ?" ಎಂದ.

ಅಮೋಲ ಫೋನು ಅವನ ಕೈಗೆ ಕೊಟ್ಟ. ಬಾಯಿಮಗ್ಗಗಳ ಖಟಾಖಟ್ ಕೇಳಿ ಹುಲೆಪ್ಪ ನಕ್ಕ, ಸಾವ್ಕಾರರದನ್ನು ಗುರುತಿಸಿ "ಮೂರನೇ ನಂಬರ್!" ಎಂದ. ಗೊರಕೆ ಬಂದಾಗ ಮೀಸೆಯ ಮೇಲೆ ಕೈಯಾಡಿಸಿದ. ಆಮೇಲೆ ಫೋನಿನಿಂದ ಏನೂ ಬರಲಿಲ್ಲ.

"ಬಂದ್ ಆತೇನ?"

"ಇಲ್ಲಪ್ಪಾ. ನಡದೈತಿ."

ಹುಲೆಪ್ಪ ಕಾದ. ಏನೂ ಇಲ್ಲ. ಅವನ ಬಲಗೈ ಮೇಲೆದ್ದು ಫೋನಿನ ಗಾಜಿನ ಮೇಲೆ ಬೆರಳಿನಿಂದ ಎಳೆ ಹುಡುಕತೊಡಗಿತು. ಆ ಖಾಲಿಯೊಳಗಿನಿಂದ ಹೆಂಡತಿಯ ದನಿ ಕೇಳಿತು: ತಡೀ ಯಪ್ಪಾ, ಈಗ ಬರ್ತೈತಿ. ಇಷ್ಟು ವರ್ಷದಲ್ಲಿ ಅವಳ ದನಿ ಅಷ್ಟು ನಡುಗಿದ್ದನ್ನು ಅವನು ಕೇಳಿರಲಿಲ್ಲ. ಬನಹಟ್ಟಿಯಲ್ಲಿ ಯಾರ ದನಿಯ ನಡುಕವೂ ಯಾರಿಗೂ ಕೇಳುವುದಿಲ್ಲ.

ಫೋನು ಕೆಳಗಿಟ್ಟ. ಆಮೇಲೆ, "ಜಮಖಂಡಿ ಬಸ್ಸ ಎಷ್ಟಕ್ಕೈತಿ?" ಎಂದ.

ಮೈಗೆಲ್ಲ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಡಾಕ್ಟರು ಹೇಳಿದ್ದೇ ಖರೆಯಾಯಿತು. ಮಲಗುವಾಗ ಮೂಗಿಗೆ ಕಟ್ಟಿಕೊಳ್ಳುವ ಒಂದು ಗಾಳಿಯ ಯಂತ್ರ ಮನೆಗೆ ಬಂತು. ಬೀಡಿ ಬಿಡುವುದು ಯಂತ್ರ ಕಟ್ಟಿಕೊಂಡಷ್ಟು ಸುಲಭವಾಗಲಿಲ್ಲ. ಲವಂಗ ಜಗಿದ, ಪುಠಾಣಿ ಜಗಿದ, ಸಿಕ್ಕವರ ತಲೆ ತಿಂದ. ಎರಡು ಸಲ ಬೇವಿನ ಮರದ ಬಳಿ ಸಿಕ್ಕಿಬಿದ್ದು ಶೇವಂತಿಯ ಬಾಯಿಂದ ಓಣಿಗೆಲ್ಲ ಸುದ್ದಿಯಾದ. ಮೂರನೇ ಸಲ ಹೋಗಲಿಲ್ಲ. ಅಮೋಲ ತನ್ನ ಪೆನ್ನನ್ನೂ ಎಸೆದೆ ಎನ್ನುತ್ತಾನೆ. ಆದರೂ ಅವನು ಬಂದಾಗಲೆಲ್ಲ ಮರೆವ್ವ ತಲೆ ನೇವರಿಸುವ ನೆವದಲ್ಲಿ ಅವನ ಅಂಗಿಯ ಕಾಲರು ಮೂಸಿ ನೋಡುತ್ತಾಳೆ.

ಹುಲೆಪ್ಪನ ನಿದ್ದೆ ನೆಟ್ಟಗಾದ ಮೇಲೆ ಇನ್ನೊಂದು ಫಜೀತಿ ಶುರುವಾಯಿತು. ವರ್ಷಗಟ್ಟಲೆ ಎಚ್ಚರದಲ್ಲೂ ಅರ್ಧ ಮಲಗಿದ್ದ ಮನುಷ್ಯ ಈಗ ಪೂರ್ತಿ ಎಚ್ಚರವಾಗಿದ್ದ. ಹೊತ್ತು ಇಳಿಯುವ ಮೊದಲೇ ಎದ್ದು, ಮೈ ಹಗುರ, ತಲೆ ಹಗುರ, ಕಂಡದ್ದಕ್ಕೆಲ್ಲ ಮಾತು. ಗೋಡೆಯ ಬಣ್ಣ ಯಾವಾಗ ಬದಲಾಯಿತು, ಅಮೋಲ ಅವನ ಅಜ್ಜನ ಹಾಗೆ ನಡೆಯುತ್ತಾನಲ್ಲ, ಬೀಳಗಿಯ ಬಸ್ಸು ಈಗ ಈ ರಸ್ತೆಗೆ ಯಾಕೆ ಬರುವುದಿಲ್ಲ. ಶೇವಂತಿ ಕಿವಿ ಮುಚ್ಚಿಕೊಂಡು, "ಮರೆವಕ್ಕ, ಗೊರಕೀನ ಛಲೋ ಇತ್ತಬೇ" ಎಂದಳು.

ಒಂದು ಸಂಜೆ ಮರೆವ್ವ ಕೆಲಸ ಮುಗಿಸಿ ಬಂದು ಗೋಡೆಗೆ ಒರಗಿ ಕಾಲು ಚಾಚಿದಳು. ಹುಲೆಪ್ಪ ಎದುರಿಗೆ ಕೂತು, ತಾನು ಹುಡುಗನಿದ್ದಾಗ ಹೊಳೆಯಲ್ಲಿ ಎಮ್ಮೆ ಈಜಿಸಿದ ಕಥೆ ತೆಗೆದ. ಎಮ್ಮೆ ನಡುಹೊಳೆ ಮುಟ್ಟುವ ಮೊದಲೇ ಮರೆವ್ವನ ಕಣ್ಣು ಕೂಡಿಬಂದವು. ಎಷ್ಟೋ ತಿಂಗಳ ನಿದ್ದೆ ಬಾಕಿಯಿತ್ತು. ನಡುವೆ ಅವಳ ಬಾಯಿ ತುಸು ತೆರೆಯಿತು.

ಅವಳು ಮಲಗಿದ್ದನ್ನು ಹುಲೆಪ್ಪ ಕಂಡ. ಕಂಡು, ಮಾತು ನಿಲ್ಲಿಸಲು ಹೋಗಿ, ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವಳು ಏಳುತ್ತಾಳೆ ಎಂಬುದನ್ನು ನೇಕಾರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಮ್ಮೆಯನ್ನು ದಂಡೆಗೆ ಹತ್ತಿಸಿದ, ಮೈ ಒರೆಸಿದ, ಹಿಂಡಿ ಹಾಕಿದ, ಕಥೆ ಮುಗಿದುಹೋಯಿತು. ಮುಗಿದದ್ದಕ್ಕೆ ಅಂಜಿ, ಎಮ್ಮೆಯನ್ನು ಮತ್ತೆ ಹೊಳೆಗೆ ಇಳಿಸಿದ.